ಮಂಗ ಕಾಯುವ ಬೋರ್ಡಿಗೆ 100 ಓಮ್: ಪೀಣ್ಯದ ಒಂದು ಫ್ಯಾಬ್ ಬಗ್ಗೆ

ಜುಲೈ ಎರಡನೇ ವಾರ. ಶಿವಮೊಗ್ಗ ವಿನೋಬನಗರದ ನಮ್ಮ ಮಹಡಿ ರೂಮಿನ ಕಿಟಕಿಯಾಚೆ ಏನೂ ಕಾಣದಂಥ ಮಳೆ. ಕೊರಿಯರ್ ಹುಡುಗ ರೇನ್‌ಕೋಟ್ ಒಳಗಿಂದ ಡಬ್ಬಿ ತೆಗೆದುಕೊಟ್ಟು, "ಮೇಡಂ, ನಾನು ನೆಂದಿದೀನಿ, ಇದು ನೆಂದಿಲ್ಲ" ಎಂದ. ಒಳಗೆ ಐದು ಬೋರ್ಡು, ಬೆರಳಗಲದ ಎರಡು ಪಟ್ಟಿ, ಎರಡು ಹಾಳೆಯ ಒಂದು ರಿಪೋರ್ಟು. ನಾನು ಬರೆಯಲು ಕೂತಿದ್ದು ಆ ಪಟ್ಟಿ ಮತ್ತು ರಿಪೋರ್ಟಿನ ಸಲುವಾಗಿ. ಬರೀ ಬೋರ್ಡನ್ನು ಈಗ ಯಾರು ಬೇಕಾದರೂ ಮಾಡಿಕೊಡುತ್ತಾರೆ.

ಮಾಡಿಕೊಟ್ಟದ್ದು ಬೆಂಗಳೂರು ಪೀಣ್ಯದ ಒಂದು ಪಿಸಿಬಿ ಫ್ಯಾಬ್, ಅಂದರೆ ಎಲೆಕ್ಟ್ರಾನಿಕ್ಸ್ ಬೋರ್ಡು ತಯಾರಿಸುವ ಕಾರ್ಖಾನೆ. ಹೆಸರು ಹಾಕುವುದಿಲ್ಲ. ಹೊಗಳಿಕೆಯ ಜೊತೆ ಎರಡು ಮೂರು ದೂರೂ ಇದೆ. ಜೊತೆಗೆ ನಾನು ಮೊದಲು ಕೈಸುಟ್ಟುಕೊಂಡ ಇನ್ನೊಂದು ಕಡೆಯ ಕಥೆಯೂ ಬರುತ್ತದೆ. ಹೆಸರು ಹಾಕಿದರೆ ಮಾತೆಲ್ಲ ಜಗಳದ ಕಡೆ ಹೋಗುತ್ತದೆ. ಇಲ್ಲಿ ಹೇಳುವ ಪ್ರಶ್ನೆಗಳನ್ನು ನೀವು ಯಾವ ಫ್ಯಾಬ್‌ಗೆ ಬೇಕಾದರೂ ಕೇಳಬಹುದು.

ಮೊದಲು ಬೋರ್ಡು ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ಮಂಡಗದ್ದೆ ಹತ್ತಿರ ನಮ್ಮ ಅಪ್ಪಯ್ಯನ ಅಡಿಕೆ ತೋಟ ಇದೆ. ನಾಲ್ಕೈದು ವರ್ಷದಿಂದ ಮಂಗನ ಕಾಟ ಹೇಳತೀರದು. ಬಾಳೆಗೊನೆ ಬಿಡುವುದಿಲ್ಲ, ಎಳೆ ಅಡಿಕೆ ಬಿಡುವುದಿಲ್ಲ. ಪಟಾಕಿ, ಕವಣೆ, ಹುಲಿಬಣ್ಣ ಬಳಿದ ನಾಯಿ, ಎಲ್ಲ ಆಗಿದೆ. ಎರಡು ಕ್ಯಾಮೆರಾ ಇಟ್ಟು, ಮಂಗ ಕಂಡ ಕೂಡಲೇ ತೋಟದ ಇನ್ನೊಂದು ಮೂಲೆಯಲ್ಲಿ ಹಾರ್ನ್ ಹೊಡೆಯುವ ಯಂತ್ರ ಮಾಡುತ್ತೇನೆ ಅಂದೆ. ಅಪ್ಪಯ್ಯ ನಕ್ಕರು. "ಎಂತ ಮಾರಾಯ್ತಿ, ಮಂಗ ಓಡ್ಸಕ್ಕೆ ಬೆಂಗ್ಳೂರಿಂದ ಹಲಗೆ ತರ್ಸದಾ?"

ಬೋರ್ಡಿನ ಮೇಲೆ ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 ಅನ್ನುವ ಪುಟ್ಟ ಕಂಪ್ಯೂಟರ್ ಕೂರುತ್ತದೆ. ಅದರಿಂದ ಎರಡು ಕ್ಯಾಮೆರಾ ಕನೆಕ್ಟರ್‌ಗೆ ಲೈನು. ತೋಟದ ಮನೆಗೆ ಕೇಬಲ್ ಎಳೆಯಲು ಒಂದು ಈಥರ್ನೆಟ್ ಜಾಕು, ಯಾಕೆಂದರೆ ಮಳೆಗಾಲದ ಅಡಿಕೆ ಮರಗಳ ನಡುವೆ ವೈಫೈ ನಂಬುವ ಹಾಗಿಲ್ಲ. ಒಂದು ಯುಎಸ್‌ಬಿ. ಹಾರ್ನ್ ಇರುವ ಮೂಲೆಗೆ ಸಂದೇಶ ಕಳಿಸಲು ಲೋರಾ ರೇಡಿಯೊ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯದು. ಈಗ ಲೆಕ್ಕ ನೋಡಿ. ಕ್ಯಾಮೆರಾ ಮತ್ತು ಈಥರ್ನೆಟ್ ಸಿಗ್ನಲ್ ಎರಡೆರಡು ಗೆರೆಯ ಜೋಡಿಯಲ್ಲಿ ಹೋಗುತ್ತದೆ, ಆ ಜೋಡಿಗಳಿಗೆ 100 ಓಮ್ ಬೇಕು. ಯುಎಸ್‌ಬಿ ಜೋಡಿಗೆ 90. ರೇಡಿಯೊದಿಂದ ಆಂಟೆನಾಗೆ ಹೋಗುವ ಒಂಟಿ ಲೈನಿಗೆ 50. ಒಂದೇ ಬೋರ್ಡಿನಲ್ಲಿ ಮೂರು ಸಂಖ್ಯೆ.

ಈ ಓಮ್ ಮಲ್ಟಿಮೀಟರಿಗೆ ಸಿಗುವ ಓಮ್ ಅಲ್ಲ, ಇಂಪಿಡೆನ್ಸ್ ಅನ್ನುವುದರ ಅಳತೆ. ಇದನ್ನು ಅಪ್ಪಯ್ಯನಿಗೆ ಅರ್ಥ ಮಾಡಿಸಲು ನನಗೆ ಸಹಾಯಕ್ಕೆ ಬಂದದ್ದು ಔಷಧಿ ಹೊಡೆಯುವ ಪೈಪು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪಂಪು ಓಡುತ್ತಿರುತ್ತದೆ. ಮೇಲೆ ಗನ್ ಹಿಡಿದವನು ಫಕ್ಕನೆ ವಾಲ್ವ್ ಮುಚ್ಚುತ್ತಾನೆ. ಕೆಳಗೆ ಪೈಪು ಹಾವಿನ ಹಾಗೆ ಒದರಿಕೊಳ್ಳುತ್ತದೆ. ನೀರಿನ ಒತ್ತಡದ ಅಲೆ ಮುಚ್ಚಿದ ಬಾಯಿಗೆ ಬಡಿದು ಹಿಂದಕ್ಕೆ ಓಡಿ ಬಂದದ್ದು ಅದು. ಬಾಯಿ ಪೂರ್ತಿ ಮುಚ್ಚಬೇಕು ಅಂತಲೂ ಇಲ್ಲ. ದಪ್ಪ ಪೈಪಿಗೆ ಸಣ್ಣ ಪೈಪು ಜೋಡಿಸಿದ ಕಡೆಯೂ ಸ್ವಲ್ಪ ಹಿಂದಕ್ಕೆ ಬರುತ್ತದೆ. ಬೋರ್ಡಿನ ಮೇಲೆ ಸಿಗ್ನಲ್ ಹೋಗುವುದೂ ಹೀಗೇ, ಅಲೆಯಾಗಿ. ತಾಮ್ರದ ಗೆರೆಯ ಅಗಲ, ಅದರ ಕೆಳಗಿನ ಗ್ರೌಂಡ್ (ಕರೆಂಟು ವಾಪಸ್ ಬರುವ ತಾಮ್ರದ ಪದರ) ಎಷ್ಟು ದೂರ, ನಡುವೆ ಯಾವ ವಸ್ತು ಇದೆ, ಈ ಮೂರರ ಮೇಲೆ ಆ ಪೈಪಿನ ಅಳತೆ ನಿಂತಿದೆ. ಅಳತೆ ತಪ್ಪಿದರೆ ಅಲೆಯ ಒಂದು ಪಾಲು ವಾಪಸ್ಸು. ಅಪ್ಪಯ್ಯನಿಗೆ ಇದು ಒಂದೇ ಸಲಕ್ಕೆ ಹಿಡಿಸಿತು. ಕಾಲೇಜಿನಲ್ಲಿ ನನಗೆ ಎರಡು ಸೆಮಿಸ್ಟರ್ ಹಿಡಿದಿತ್ತು.

ಈಗ ಮೊದಲ ಸಲ ಕೈಸುಟ್ಟುಕೊಂಡ ಕಥೆ. ಕಳೆದ ವರ್ಷ ಅಗ್ಗದ ಒಂದು ಆನ್‌ಲೈನ್ ಫ್ಯಾಬ್‌ಗೆ ಗರ್ಬರ್ ಕಳಿಸಿದೆ. ಗರ್ಬರ್ ಅಂದರೆ ಬೋರ್ಡಿನ ನಕ್ಷೆಯ ಫೈಲು. ನಾಲ್ಕು ಲೇಯರ್ (ತಾಮ್ರದ ಪದರ), 1.6 ಮಿಲಿಮೀಟರ್ ದಪ್ಪ. ಅವರ ಪುಟದಲ್ಲಿ ಸ್ಟ್ಯಾಕಪ್, ಅಂದರೆ ಯಾವ ಪದರದ ಮೇಲೆ ಯಾವ ಪದರ ಅನ್ನುವ ಚಿತ್ರ ಇತ್ತು. ಹೊರಗಿನ ತಾಮ್ರಕ್ಕೂ ಮೊದಲ ಗ್ರೌಂಡಿಗೂ ನಡುವೆ 0.21 ಮಿಲಿಮೀಟರ್ ಪ್ರೀಪ್ರೆಗ್ (ತಾಮ್ರ ಅಲ್ಲದ ಅಂಟು ಪದರ) ಅಂತ ಬರೆದಿತ್ತು. ಅದನ್ನೇ ನಂಬಿ ಕ್ಯಾಮೆರಾ ಜೋಡಿಗೆ 0.22 ಅಗಲ, 0.18 ಸಂದು ಇಟ್ಟು ಎಳೆದೆ. ಲೆಕ್ಕದಲ್ಲಿ 100ರ ಹತ್ತಿರ ಬರುತ್ತಿತ್ತು. ಬೋರ್ಡು ಬಂತು. ಒಂದು ಕ್ಯಾಮೆರಾ ಸರಿಯಾಗಿ ಓಡಿತು. ಇನ್ನೊಂದರ ಲೈನು 12 ಸೆಂಟಿಮೀಟರ್ ಉದ್ದ. ಅದರಲ್ಲಿ ಚಿತ್ರದ ನಡುವೆ ಹಸಿರು ಗೆರೆ, ಆಗಾಗ ಫ್ರೇಮೇ ಮಾಯ. ಮಂಗ ಬಂದು ಬಾಳೆಹಣ್ಣು ಸುಲಿದು ತಿಂದು ಹೋಗುವಷ್ಟು ಹೊತ್ತು ಚಿತ್ರ ನಿಂತೇ ಇರುತ್ತಿತ್ತು.

ಕೇಬಲ್ ಬದಲಿಸಿದೆ. ಡ್ರೈವರ್ ಬದಲಿಸಿದೆ. ಕ್ಯಾಮೆರಾ ಬದಲಿಸಿದೆ. ಒಂದು ತಿಂಗಳು ಸುಮ್ನೆ ಹೋಯಿತು. ಕೊನೆಗೆ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿ, ಹಳೇ ಸಹೋದ್ಯೋಗಿಯೊಬ್ಬಳ ಲ್ಯಾಬಿನಲ್ಲಿ ಟಿಡಿಆರ್ ಹಾಕಿಸಿದೆ. ಟಿಡಿಆರ್ ಅಂದರೆ ಲೈನಿಗೆ ಒಂದು ಚೂಪಾದ ಏಟು ಕೊಟ್ಟು, ಹಿಂದಕ್ಕೆ ಎಷ್ಟು ಬಂತು, ಯಾವಾಗ ಬಂತು ಅಂತ ನೋಡುವ ಯಂತ್ರ. ಪರದೆ ಮೇಲಿನ ಗೆರೆ 100ರಲ್ಲಿ ಇರಬೇಕಾದ್ದು 78ಕ್ಕೆ ಇಳಿದು ಕೂತಿತ್ತು. 100ರಿಂದ 78ಕ್ಕೆ ಹೋದರೆ ಅಲೆಯ ನೂರಕ್ಕೆ 12 ಪಾಲು ಅಲ್ಲೇ ಹಿಂತಿರುಗುತ್ತದೆ.

ಕಾರಣ? ಅವರು ಪ್ರೀಪ್ರೆಗ್ ಬದಲಿಸಿದ್ದರು. 0.21ರ ಜಾಗದಲ್ಲಿ 0.1ರದು. ಒಟ್ಟು ದಪ್ಪ 1.6 ಇದ್ದೇ ಇತ್ತು, ನಡುವಿನ ಕೋರ್ ಅಷ್ಟು ದಪ್ಪದ್ದು ಹಾಕಿದ್ದರು. ಕೇಳಿದಾಗ ಬಂದ ಉತ್ತರ ಸರಳ. ನೀವು ಇಂಪಿಡೆನ್ಸ್ ಕಂಟ್ರೋಲ್ ಆಯ್ಕೆ ಒತ್ತಿಲ್ಲ, ಹಾಗಾಗಿ ಸ್ಟ್ಯಾಕಪ್ ನಮ್ಮ ಇಷ್ಟ. ಕೆಳಗೆ ಸಣ್ಣಕ್ಷರದಲ್ಲಿ ಹಾಗೇ ಬರೆದೂ ಇತ್ತು. ನಿಯಮದ ಪ್ರಕಾರ ಅವರದು ತಪ್ಪಲ್ಲ. ನನ್ನ ಸಿಟ್ಟೂ ಕಡಿಮೆ ಆಗಲಿಲ್ಲ.

ಪ್ರೀಪ್ರೆಗ್ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ತೊಡೆದೇವು ಮಾಡುವುದು ನೋಡಿದ್ದೀರಲ್ಲ? ಬೋರಲು ಹಾಕಿದ ಮಡಕೆ ಕಾಯಿಸಿ, ಬಟ್ಟೆ ಸುತ್ತಿದ ಕೋಲಿನಿಂದ ಕಬ್ಬಿನ ಹಾಲಿನ ಹಿಟ್ಟು ಬಳಿಯುತ್ತಾರೆ. ಕಾಗದದಂಥ ಪದರ ಏಳುತ್ತದೆ. ಪದರ ಪೂರ್ತಿ ಗರಿ ಆಗುವ ಮುಂಚೆ ಮಡಚಬೇಕು, ಆಮೇಲೆ ಮಡಚಲು ಹೋದರೆ ಮುರಿಯುತ್ತದೆ. ಪ್ರೀಪ್ರೆಗ್ ಕೂಡ ಅರೆಬೆಂದ ಪದರವೇ. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಕುಡಿಸಿ, ಅರ್ಧಕ್ಕೆ ಗಟ್ಟಿ ಮಾಡಿ ನಿಲ್ಲಿಸಿರುತ್ತಾರೆ. ಪೂರ್ತಿ ಬೆಂದು ಎರಡೂ ಕಡೆ ತಾಮ್ರ ಅಂಟಿದ್ದು ಕೋರ್. ಕೋರಿನ ಮೇಲೆ ಕೆಳಗೆ ಪ್ರೀಪ್ರೆಗ್ ಇಟ್ಟು, ಅದರ ಹೊರಗೆ ತಾಮ್ರದ ಹಾಳೆ ಇಟ್ಟು, ಬಿಸಿ ಪ್ರೆಸ್‌ನಲ್ಲಿ ಒತ್ತಿದರೆ ಪ್ರೀಪ್ರೆಗ್ ಕರಗಿ ಹರಿದು ಅಂಟಾಗಿ ಗಟ್ಟಿಯಾಗುತ್ತದೆ. 1080, 2116, 7628 ಅಂತೆಲ್ಲ ಕೇಳುತ್ತೀರಲ್ಲ, ಅವು ಆ ಗಾಜಿನ ಬಟ್ಟೆಯ ನೇಯ್ಗೆಯ ನಂಬರುಗಳು. ನಮ್ಮ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಮಲ್ ಬೇರೆ, ಖಾದಿ ಬೇರೆ ಇದ್ದ ಹಾಗೆ. 1080 ತೆಳು, ಅದರಲ್ಲಿ ಎಪಾಕ್ಸಿ ಪಾಲು ಜಾಸ್ತಿ. 7628 ದಪ್ಪ, ಗಾಜು ಜಾಸ್ತಿ. ಒಂದು ವಸ್ತು ತನ್ನೊಳಗೆ ಹೋಗುವ ಅಲೆಯನ್ನು ಎಷ್ಟು ನಿಧಾನ ಮಾಡುತ್ತದೆ ಅಂತ ತೋರಿಸುವುದು ಡೈಎಲೆಕ್ಟ್ರಿಕ್ ಸಂಖ್ಯೆ. ಗಾಜಿನದು 6ರ ಮೇಲೆ, ಎಪಾಕ್ಸಿಯದು ಅದರ ಅರ್ಧದ ಆಸುಪಾಸು. ಹಾಗಾಗಿ ಬಟ್ಟೆ ಬದಲಾದರೆ ದಪ್ಪವೂ ಬದಲು, ಆ ಸಂಖ್ಯೆಯೂ ಬದಲು. ಎಲ್ಲದಕ್ಕೂ ಎಫ್‌ಆರ್-4 ಅಂತಲೇ ಹೆಸರು. ಎಫ್‌ಆರ್-4 ಅಂದರೆ 4.5 ಅಂತ ಕಣ್ಣು ಮುಚ್ಚಿ ಹಾಕುವವರು ಇಲ್ಲಿ ಎಡವುತ್ತಾರೆ. ನಾನೂ ಹಾಕುತ್ತಿದ್ದೆ.

ಎರಡನೇ ಸಲ ಗೆರೆ ಎಳೆಯುವ ಮೊದಲೇ ಪೀಣ್ಯದವರಿಗೆ ಫೋನ್ ಮಾಡಿದೆ. ನನಗೆ ಇಷ್ಟವಾದದ್ದು ಮೊದಲು ಇದು: ಫೋನ್ ಎತ್ತಿದವರು ನನ್ನನ್ನು ಸೇಲ್ಸ್‌ಗೆ ದಾಟಿಸಲಿಲ್ಲ, ಗ್ರಾಹಕರ ಫೈಲು ನೋಡಿ ತಯಾರಿಗೆ ಸಿದ್ಧ ಮಾಡುವ ಕ್ಯಾಮ್ ವಿಭಾಗಕ್ಕೆ ದಾಟಿಸಿದರು. ಅಲ್ಲಿ ಹಿರಿಯರೊಬ್ಬರು ಸಿಕ್ಕರು. "ಮೇಡಂ, ಡಿಸೈನ್ ಆಗಿದೆಯಾ, ಆಗಬೇಕಾ?" ಅಂತ ಮೊದಲ ಪ್ರಶ್ನೆ. ಆಗಬೇಕು ಸರ್ ಅಂದೆ. "ಒಳ್ಳೇದಾಯ್ತು. ನಮ್ಮ ಹತ್ರ ಯಾವ ಹಾಳೆ ಸ್ಟಾಕಿದೆ ಅಂತ ಕಳಿಸ್ತೀನಿ. ಅದರ ಮೇಲೆ ಎಳೀರಿ. ನೀವು ಎಳೆದಾದ ಮೇಲೆ ನಾವು ಹಾಳೆ ಹುಡುಕೋದು ಕಷ್ಟ."

ಅರ್ಧ ಗಂಟೆಯಲ್ಲಿ ಮೇಲ್ ಬಂತು. ಹೊರಗಿನ ತಾಮ್ರ ಪ್ಲೇಟಿಂಗ್ ಸೇರಿ ಸುಮಾರು 35 ಮೈಕ್ರಾನ್. ಅದರ ಕೆಳಗೆ 2116 ಒಂದು ಹಾಳೆ, ಒತ್ತಿದ ಮೇಲೆ 0.12 ಮಿಲಿಮೀಟರ್, ಡೈಎಲೆಕ್ಟ್ರಿಕ್ ಸಂಖ್ಯೆ 4.2. ಒಳಗಿನ ತಾಮ್ರ 17 ಮೈಕ್ರಾನ್. ನಡುವೆ 1.2ರ ಕೋರ್. ಕೆಳಗೆ ಅದೇ ಕ್ರಮ ತಿರುಗಿಸಿ. ಮೇಲೂ ಕೆಳಗೂ ಒಂದೇ ಥರ ಇರಬೇಕು, ಇಲ್ಲದಿದ್ದರೆ ಪ್ರೆಸ್‌ನಿಂದ ಬಂದ ಹಲಗೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಬಾಗುತ್ತದೆ. ಜೊತೆಗೆ ಅವರ ಲೆಕ್ಕದ ಅಗಲಗಳೂ ಇದ್ದವು. 100 ಓಮ್ ಜೋಡಿಗೆ 0.13 ಅಗಲ, 0.15 ಸಂದು. 90ಕ್ಕೆ 0.16 ಅಗಲ, ಅದೇ ಸಂದು. ಒಂಟಿ 50ಕ್ಕೆ 0.18.

"ಒತ್ತಿದ ಮೇಲೆ" ಅನ್ನುವ ಎರಡು ಪದ ನೋಡಿ. ಪ್ರೀಪ್ರೆಗ್ ಕಂಪನಿಯ ಪಟ್ಟಿಯಲ್ಲಿರುವ ದಪ್ಪವೂ ಬೋರ್ಡಿನೊಳಗೆ ಉಳಿಯುವ ದಪ್ಪವೂ ಒಂದೇ ಅಲ್ಲ. ಒಳಲೇಯರಿನಲ್ಲಿ ತಾಮ್ರ ಇಲ್ಲದ ಖಾಲಿ ಜಾಗಕ್ಕೆಲ್ಲ ಎಪಾಕ್ಸಿ ಹರಿದು ತುಂಬಬೇಕು. ಖಾಲಿ ಜಾಸ್ತಿ ಇದ್ದರೆ ಪದರ ತೆಳುವಾಗುತ್ತದೆ. ಅದಕ್ಕೇ ಅವರು ನನ್ನ ಒಳಲೇಯರಿನಲ್ಲಿ ಎಷ್ಟು ಭಾಗ ತಾಮ್ರ ಅಂತ ಕೇಳಿದರು. ಹಿಂದಿನವರು ಯಾರೂ ಇದನ್ನು ಕೇಳಿರಲಿಲ್ಲ.

ನಾನು ಬೋರ್ಡು ಎಳೆಯಲು ಕೀಕ್ಯಾಡ್ ಸಾಫ್ಟ್‌ವೇರ್ ಬಳಸುವವಳು. ಬೋರ್ಡ್ ಸೆಟಪ್‌ನಲ್ಲಿ ಫಿಸಿಕಲ್ ಸ್ಟ್ಯಾಕಪ್ ಅಂತ ಇದೆ, ಅಲ್ಲಿ ಪದರ ಪದರವಾಗಿ ಇದನ್ನೆಲ್ಲ ತುಂಬಿದೆ. ಅದರ ಕ್ಯಾಲ್ಕ್ಯುಲೇಟರಿನಲ್ಲಿ ನಾನೂ ಲೆಕ್ಕ ಹಾಕಿ ನೋಡಿದೆ. ಅವರಿಗಿಂತ ಎರಡು ಮೂರು ಓಮ್ ಜಾಸ್ತಿ ಬಂತು. ಫೋನ್ ಮಾಡಿ ಕೇಳಿದರೆ, "ನಿಮ್ಮ ಲೆಕ್ಕದಲ್ಲಿ ಸೋಲ್ಡರ್ ಮಾಸ್ಕ್ ಇಲ್ಲ ಮೇಡಂ" ಅಂದರು. ಹೌದಲ್ಲ! ಗೆರೆಯ ಮೇಲೆ ಬರೀ ಗಾಳಿ ಅಂತ ಲೆಕ್ಕ ಮಾಡಿದ್ದೆ. ಮೇಲೆ ಬಳಿಯುವ ಹಸಿರು ಬಣ್ಣ ಎರಡು ಮೂರು ಓಮ್ ತಿಂದುಹಾಕುತ್ತದೆ. ಫ್ಯಾಬ್ ಕಡೆಯವರ ಸಾಫ್ಟ್‌ವೇರ್ ಅದನ್ನೂ, ಗೆರೆಯ ಅಂಚು ಓರೆಯಾಗಿರುವುದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಅಂತಿಮ ಅಗಲಕ್ಕೆ ಅವರ ಸಂಖ್ಯೆಯನ್ನೇ ತೆಗೆದುಕೊಳ್ಳಿ. ನಿಮ್ಮ ಲೆಕ್ಕ ಅವರದಕ್ಕೆ ಹತ್ತಿರ ಬಂತಾ ಅಂತ ನೋಡಲು ಮಾತ್ರ.

ಬೋರ್ಡು ಎಳೆದು ಗರ್ಬರ್ ಕಳಿಸಿದೆ. ಮರುದಿನ ಅದೇ ಹಿರಿಯರ ಫೋನು. ಮಧ್ಯಾಹ್ನ ಮೂರು ಗಂಟೆ, ನಾನು ಅಕ್ಕಿ ರೊಟ್ಟಿ ಮುರಿಯುತ್ತಿದ್ದೆ.

"ಮೇಡಂ, ಹಳೇ ಬೋರ್ಡಿನ ಫೈಲೂ ಜೊತೆಗೆ ಕಳಿಸಿದೀರಿ. ಬೇಕಂತಲೇ ಕಳಿಸಿದ್ರಾ?"

ತಪ್ಪಿ ಹೋಗಿತ್ತು ಸರ್ ಅಂದೆ.

"ಪರವಾಗಿಲ್ಲ. ತೆರೆದು ನೋಡಿದೆ. ಅದರಲ್ಲಿ ಎರಡನೇ ಕ್ಯಾಮೆರಾ ಓಡಲಿಲ್ಲ ಅಂದ್ರಿ. ಬರೀ ಹಾಳೆ ತಪ್ಪಲ್ಲ ಅದು."

ರೊಟ್ಟಿ ಕೆಳಗಿಟ್ಟೆ.

ಹಳೇ ಬೋರ್ಡಿನಲ್ಲಿ ನಾನು ಎಲ್ಲರೂ ಹಾಕುವ ಕ್ರಮವನ್ನೇ ಹಾಕಿದ್ದೆ. ಮೇಲೆ ಸಿಗ್ನಲ್, ಎರಡನೆಯದು ಗ್ರೌಂಡ್, ಮೂರನೆಯದು ಪವರ್, ಕೆಳಗೆ ಸಿಗ್ನಲ್. ಮೂರನೇ ಲೇಯರನ್ನು 5 ವೋಲ್ಟ್ ಅರ್ಧ, 3.3 ವೋಲ್ಟ್ ಅರ್ಧ ಮಾಡಿ ನಡುವೆ ಗಡಿ ಬಿಟ್ಟಿದ್ದೆ. ಎರಡನೇ ಕ್ಯಾಮೆರಾ ಜೋಡಿ ಜಾಗ ಸಾಲದೆ ಕೆಳಲೇಯರಿಗೆ ಇಳಿದಿತ್ತು. ಇಳಿದು, ಸರಿಯಾಗಿ ಆ ಗಡಿಯ ಮೇಲೆ ಹಾದುಹೋಗಿತ್ತು. ಸಿಗ್ನಲ್ ಹೋದ ದಾರಿಯ ಗುಂಟವೇ, ಪಕ್ಕದ ಪದರದ ತಾಮ್ರದಲ್ಲಿ ಅದರ ವಾಪಸ್ ಕರೆಂಟು ಬರಬೇಕು. ವೇಗದ ಸಿಗ್ನಲ್‌ಗೆ ಅದೇ ಹತ್ತಿರದ ದಾರಿ. ಅಲ್ಲಿ ತಾಮ್ರವೇ ಕಡಿದಿದ್ದರೆ ಅದು ಸುತ್ತಿ ಬಳಸಿ ಬರಬೇಕು. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ಮುರಿದ ಮೇಲೆ ಪಕ್ಕದ ಮನೆಗೆ ಎರಡು ಮೈಲಿ ಸುತ್ತಿ ಹೋದ ಹಾಗೆ. 78 ಓಮ್ ತಪ್ಪು ಎರಡೂ ಕ್ಯಾಮೆರಾಗೂ ಇತ್ತು. ಮೊದಲನೆಯದು ಅದನ್ನು ಸಹಿಸಿಕೊಂಡು ಓಡಿತ್ತು. ಎರಡನೆಯದಕ್ಕೆ ಹಾಳೆಯ ತಪ್ಪಿನ ಜೊತೆ ನನ್ನ ತಪ್ಪೂ ಸೇರಿತ್ತು.

ಒಂದು ವರ್ಷ ಇನ್ನೊಬ್ಬರನ್ನು ಬೈದಿದ್ದೆ. ಅರ್ಧ ಬೈಗುಳ ವಾಪಸ್ ತೆಗೆದುಕೊಂಡೆ, ಮನಸ್ಸಿನಲ್ಲೇ.

ಹೊಸದರಲ್ಲೂ ಅದೇ ಕ್ರಮ ಇಟ್ಟಿದ್ದೆ. ಬದಲಿಸಿ ಅಂದರು. ಎರಡನೆಯದು ಗ್ರೌಂಡ್, ಮೂರನೆಯದೂ ಗ್ರೌಂಡ್. ಪವರನ್ನು ಹೊರಲೇಯರುಗಳಲ್ಲೇ ಅಗಲ ಗೆರೆಯಾಗಿ, ಚಿಕ್ಕ ಚಿಕ್ಕ ತುಂಡಾಗಿ ಸಾಗಿಸಿ. ನಿಮ್ಮದು ನೂರಾರು ಆಂಪಿಯರ್ ಬೋರ್ಡಲ್ಲ. ಜೋಡಿ ಮೇಲಿಂದ ಕೆಳಗಿಳಿಯುವ ಕಡೆ ಪಕ್ಕದಲ್ಲೇ ಎರಡು ಗ್ರೌಂಡ್ ವಯಾ (ಪದರಗಳನ್ನು ಸೇರಿಸುವ ತಾಮ್ರದ ತೂತು) ಹಾಕಿ, ವಾಪಸ್ ಕರೆಂಟೂ ಜೊತೆಗೇ ಇಳಿಯಲಿ. ಎರಡು ದಿನ ಕೂತು ಮತ್ತೆ ಎಳೆದೆ. ಪವರ್ ಸಾಗಿಸುವುದಕ್ಕೆ ಸ್ವಲ್ಪ ಒದ್ದಾಡಿದೆ, ಆದರೆ ಬೋರ್ಡು ನೋಡಲೂ ಹಗುರಾಯಿತು. ಇಷ್ಟಕ್ಕೆ ಅವರು ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಫ್ಯಾಬ್‌ನ ಕೆಲಸವೇ ಅಲ್ಲ ಇದು.

ಇನ್ನೊಂದು ಕಡೆಯೂ ಅವರು ಪ್ರಾಮಾಣಿಕರು ಅನ್ನಿಸಿತು. ನಾನು ಲೋರಾ ಆಂಟೆನಾ ಲೈನಿಗೂ ಅಳತೆ ರಿಪೋರ್ಟು ಬೇಕು ಅಂತ ಫಾರಂನಲ್ಲಿ ಗುರುತು ಹಾಕಿದ್ದೆ. ಪ್ರತಿ ಸಂಖ್ಯೆಗೂ ಬೇರೆ ಕೂಪನ್, ಬೇರೆ ದುಡ್ಡು. ಎಷ್ಟು ಉದ್ದ ಇದೆ ಆ ಲೈನು ಅಂತ ಕೇಳಿದರು. 11 ಮಿಲಿಮೀಟರ್. "ಬಿಡಿ ಮೇಡಂ" ಅಂದರು. 866 ಮೆಗಾಹರ್ಟ್ಸ್‌ನ ಅಲೆ ಈ ಬೋರ್ಡಿನೊಳಗೆ ಸುಮಾರು 19 ಸೆಂಟಿಮೀಟರ್ ಉದ್ದ. ಅದರ ಹತ್ತನೇ ಒಂದು ಪಾಲಿಗಿಂತ ಚಿಕ್ಕ ಗೆರೆಯಲ್ಲಿ ನಾಲ್ಕೈದು ಓಮ್ ಆಚೀಚೆ ಆದರೆ ರೇಡಿಯೊಗೆ ಗೊತ್ತೇ ಆಗುವುದಿಲ್ಲ. 0.18 ಎಳೆಯಿರಿ, ಅಳೆಯುವುದು ಬೇಡ. ಗ್ರಾಹಕರ ದುಡ್ಡು ಉಳಿಸುವ ಅಂಗಡಿ ನನಗೆ ಅಪರೂಪ.

ಹಾಗಾಗಿ 100 ಮತ್ತು 90ಕ್ಕೆ ಮಾತ್ರ ಕೂಪನ್. ಕೂಪನ್ ಅಂದರೆ ಬೋರ್ಡುಗಳನ್ನು ಕತ್ತರಿಸಿ ತೆಗೆಯುವ ದೊಡ್ಡ ಹಲಗೆಯ, ಅಂದರೆ ಪ್ಯಾನೆಲಿನ ಅಂಚಿನಲ್ಲಿ, ನಿಮ್ಮ ಬೋರ್ಡಿನ ಹೊರಗೆ, ಅದೇ ಅಗಲದ ಅದೇ ಸಂದಿನ ಗೆರೆ ಇರುವ ಪಟ್ಟಿ. ಬೋರ್ಡಿನ ಜೊತೆಗೇ ಒತ್ತಿ, ಜೊತೆಗೇ ಆಮ್ಲದಲ್ಲಿ ಕೊರೆದು ಬರುತ್ತದೆ. ಟಿಡಿಆರ್ ಮುಳ್ಳು ಇಡಲು ಅದರಲ್ಲಿ ಸರಿಯಾದ ಜಾಗ ಇರುತ್ತದೆ. ಅವರು ಒಪ್ಪಿದ್ದು ಶೇಕಡಾ 10ರ ಒಳಗೆ, ಅಂದರೆ 100ಕ್ಕೆ 90ರಿಂದ 110. ರಿಪೋರ್ಟಿನಲ್ಲಿ ಬಂದದ್ದು 97.8 ಮತ್ತು 88.9. ಟಿಡಿಆರ್ ಗೆರೆಯ ಚಿತ್ರವನ್ನೂ ಅಂಟಿಸಿದ್ದಾರೆ. ಬರೀ "ಪಾಸ್" ಅಂತ ಸೀಲು ಹಾಕಿ ಕಳಿಸುವವರೂ ಇದ್ದಾರೆ, ಅದು ಯಾವ ಉಪಯೋಗಕ್ಕೂ ಬರುವುದಿಲ್ಲ.

ನಾನು ಕೇಳಿದ್ದಕ್ಕೆ ಆ ಕೂಪನ್ ಪಟ್ಟಿಗಳನ್ನೂ ಡಬ್ಬಿಯಲ್ಲಿ ಹಾಕಿದ್ದರು. ನೀವೂ ಕೇಳಿ. ಸಾಮಾನ್ಯವಾಗಿ ಅಲ್ಲೇ ಇಟ್ಟುಕೊಳ್ಳುತ್ತಾರೆ ಅಥವಾ ಎಸೆಯುತ್ತಾರೆ. ನಾನು ಒಂದನ್ನು ಅಡ್ಡಕ್ಕೆ ಕತ್ತರಿಸಿ, ಬಾತ್‌ರೂಮಿನಲ್ಲಿ ಕೂತು ನೀರು ಹಾಕಿಕೊಂಡು ಎಮರಿ ಕಾಗದದ ಮೇಲೆ ಉಜ್ಜಿದೆ. ಮೊದಲು 400, ಆಮೇಲೆ 800, ಆಮೇಲೆ 1200. ಮುಕ್ಕಾಲು ಗಂಟೆ. ಯುಎಸ್‌ಬಿ ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಕಂಡದ್ದನ್ನು ಹೇಳಲೇಬೇಕು. ನಡುವೆ ಹಳದಿ ಬಣ್ಣದ ದಪ್ಪ ಕೋರ್, ಅದರಲ್ಲಿ ಗಾಜಿನ ನೂಲಿನ ಕಟ್ಟುಗಳು ಅಡ್ಡಕ್ಕೆ ಕಡಿದ ಬಾಳೆದಿಂಡಿನ ಹಾಗೆ. ಅದರ ಎರಡೂ ಬದಿಗೆ ಕೂದಲೆಳೆಯಂಥ ತಾಮ್ರ. ಆಮೇಲೆ ತೆಳ್ಳಗಿನ ಪ್ರೀಪ್ರೆಗ್, ಅದರಲ್ಲಿ ಒಂದೇ ಸಾಲು ನೂಲು. ಒಂದೇ ಹಾಳೆ ಹಾಕಿದ್ದಕ್ಕೆ ಅದೇ ಸಾಕ್ಷಿ. ಅದರ ಮೇಲೆ ನನ್ನ ಎರಡು ಗೆರೆ. ಗೆರೆ ಚೌಕವಾಗಿಲ್ಲ. ಬುಡ ಅಗಲ, ತಲೆ ಕಿರಿದು, ಗುಡ್ಡೆ ಹಾಕಿದ ಭತ್ತದ ರಾಶಿಯ ಹಾಗೆ ಓರೆ. ಆಮ್ಲ ಮೇಲಿಂದ ಕೊರೆಯುತ್ತಾ ಬರುವುದರಿಂದ ಹೀಗೆ ಆಗುತ್ತದೆ. ಅದರ ಮೇಲೆ ಹಸಿರು ಮಾಸ್ಕ್, ಗೆರೆಯ ನೆತ್ತಿಯಲ್ಲಿ ತೆಳು, ಸಂದಿನಲ್ಲಿ ದಪ್ಪ. ಪರದೆ ಮೇಲೆ ಅಳೆದರೆ ಪ್ರೀಪ್ರೆಗ್ 0.12ರ ಹತ್ತಿರವೇ ಬಂತು. ನನ್ನ ಮೈಕ್ರೋಸ್ಕೋಪು ಆಟಿಕೆ ಥರದ್ದು, ಅದಕ್ಕಿಂತ ಜಾಸ್ತಿ ಅದನ್ನು ನಂಬುವುದಿಲ್ಲ. 0.1 ಅಂತೂ ಅಲ್ಲ.

ಇನ್ನು ದೂರು. ಒಂದು, ಅವರ ಫಾರಂ. ಹಳೇ ಕಾಲದ ಎಕ್ಸೆಲ್ ಹಾಳೆ, ಯಾವ ಗೆರೆ ಯಾವ ಓಮ್ ಅಂತ ಕೈಯಲ್ಲೇ ತುಂಬಬೇಕು. ಒಂದು ಕಡೆ ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕ, ಇನ್ನೊಂದು ಕಡೆ ಮಿಲಿಮೀಟರ್. ನಾನು ಒಂದು ಸಲ ಅದಲು ಬದಲು ತುಂಬಿ ಅವರು ಹಿಡಿದರು, ಪುಣ್ಯ. ಎರಡು, ಕ್ಯಾಮ್ ವಿಭಾಗದವರು ಸಿಗುವುದು ಮಧ್ಯಾಹ್ನ ಮೂರರ ಮೇಲೆ. ಬೆಳಿಗ್ಗೆ ಮಾಡಿದರೆ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ. ಹೇಳಿದ ದಿನಕ್ಕಿಂತ ಐದು ದಿನ ತಡ ಆಯಿತು, ಆ ಐದು ದಿನದಲ್ಲಿ ಒಂದು ಮೇಲ್ ಕೂಡ ಇಲ್ಲ. ನಾನೇ ಕೇಳಿದ ಮೇಲೆ "ಪ್ರೆಸ್ ಕ್ಯೂ ಇದೆ ಮೇಡಂ" ಅಂದರು. ಮೊದಲೇ ಹೇಳಿದ್ದರೆ ಬೇಸರ ಇರುತ್ತಿರಲಿಲ್ಲ.

ಮೂರನೆಯದು ನನಗೆ ನೋವಾದದ್ದು. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ "ಮಂಡಗದ್ದೆ" ಅಂತ ಬರೆಸಿದ್ದೆ. 2023ರಲ್ಲಿ ಬಂದ ಕೀಕ್ಯಾಡ್ 7ರಿಂದ ಕಂಪ್ಯೂಟರಿನಲ್ಲಿರುವ ಫಾಂಟುಗಳನ್ನೇ ಹಾಕಬಹುದು, ಆ ಖುಷಿಗೆ. ಬಂದದ್ದು ನೋಡಿದರೆ "ದ್ದೆ"ಯ ಒತ್ತು ತುಂಬಿಕೊಂಡು ಬರೀ ಚುಕ್ಕೆ ಆಗಿದೆ. ಗೆರೆ ತೀರಾ ಸಪೂರ ಇತ್ತು, ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಎತ್ತರ ನಮ್ಮ ಒತ್ತಕ್ಷರಕ್ಕೆ ಸಾಲದು. ಇದರಲ್ಲಿ ನನ್ನ ತಪ್ಪೇ ಜಾಸ್ತಿ. ಆದರೆ ತಾಮ್ರದ ಗೆರೆಯ ಅಗಲ 0.13ರಿಂದ 0.127 ಮಾಡಲಾ ಅಂತ ಮೇಲ್ ಹಾಕಿ ಕೇಳಿದವರು ಇದನ್ನೂ ಒಂದು ಮಾತು ಕೇಳಬಹುದಿತ್ತು, ಅಲ್ವಾ? ಎರಡು ಮಿಲಿಮೀಟರ್ ಎತ್ತರಕ್ಕಿಂತ ಕಡಿಮೆ ಕನ್ನಡ ಹಾಕಬೇಡಿ.

ಪ್ಯಾಕಿಂಗ್‌ಗೂ ಪೂರ್ತಿ ಅಂಕ ಇಲ್ಲ. ವ್ಯಾಕ್ಯೂಮ್ ಕವರ್ ಇತ್ತು, ಒಳಗೆ ಸಿಲಿಕಾ ಪೊಟ್ಟಣ ಇತ್ತು, ಆದರೆ ತೇವ ತೋರಿಸುವ ಕಾರ್ಡ್ ಇರಲಿಲ್ಲ. ಕವರಿನ ಮೂಲೆ ಚೂರು ತೂತಾಗಿತ್ತು. ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಬೋರ್ಡಿನ ಎಪಾಕ್ಸಿಯೂ ತೇವ ಕುಡಿಯುತ್ತದೆ, ಬೆಸುಗೆಯ ಬಿಸಿಗೆ ಅದು ಆವಿಯಾಗಿ ಪದರ ಬಿಡಿಸಬಹುದು. ಹಾಗಾಗಿ ಕೇಕ್ ಮಾಡುವ ಓವನ್ನಿನಲ್ಲಿ 110 ಡಿಗ್ರಿಗೆ ಮೂರು ಗಂಟೆ ಇಟ್ಟು ಆಮೇಲೆ ಬೆಸೆದೆ. ಮನೆಯವರು ಬಂದು ಏನು ಬೇಯುತ್ತಿದೆ ಅಂತ ಬಾಗಿಲು ತೆರೆದು ನೋಡಿ, ಹಾಗೇ ಮುಚ್ಚಿ ಹೋದರು.

ದುಡ್ಡಿನ ಮಾತು. 100ಕ್ಕೆ 80 ಮಿಲಿಮೀಟರ್‌ನ ಐದು ಬೋರ್ಡಿಗೆ, ಚಿನ್ನದ ಲೇಪ, ಎರಡು ಕೂಪನ್, ರಿಪೋರ್ಟು, ಜಿಎಸ್‌ಟಿ, ಕೊರಿಯರ್ ಎಲ್ಲ ಸೇರಿ ನನಗೆ 14,800 ರೂಪಾಯಿ ಬಿತ್ತು. ಹಿಂದಿನ ಅಗ್ಗದ ಬೋರ್ಡಿಗಿಂತ ಎರಡೂವರೆ ಪಟ್ಟು. ಆ ಅಗ್ಗದ ಬೋರ್ಡಿಗೆ ಆಮೇಲೆ ಸುರಿದ ಒಂದು ತಿಂಗಳು, ರೈಲು ಚಾರ್ಜು, ಸುಮ್ನೆ ಕೊಂಡ ಎರಡು ಕ್ಯಾಮೆರಾ ಲೆಕ್ಕ ಹಾಕಿದರೆ ಇದೇ ಅಗ್ಗ. ಆದರೆ ಎಲ್ಲರಿಗೂ ಇದು ಬೇಕಿಲ್ಲ. ಮಣ್ಣಿನ ತೇವ ಅಳೆಯುವುದು, ಮೋಟರ್ ಆನ್ ಮಾಡುವುದು, ಕಾಲೇಜು ಪ್ರಾಜೆಕ್ಟು, ಇವಕ್ಕೆಲ್ಲ ಎರಡು ಲೇಯರ್ ಅಗ್ಗದ ಬೋರ್ಡೇ ಸರಿ. ಅಂಥದ್ದಕ್ಕೆ ಇವರ ಹತ್ತಿರ ಹೋದರೆ ನಿಮಗೂ ನಷ್ಟ, ಅವರಿಗೂ ಕಿರಿಕಿರಿ. ಎರಡು ಲೇಯರ್ 1.6 ಬೋರ್ಡಿನಲ್ಲಿ 50 ಓಮ್ ಬೇಕು ಅಂದರೆ ಗೆರೆ 3 ಮಿಲಿಮೀಟರ್ ಅಗಲ ಆಗುತ್ತದೆ. ಆ ಅಗಲದ ಗೆರೆಯನ್ನು ಸಣ್ಣ ಚಿಪ್ಪಿನ ಕಾಲಿಗೆ ಸೇರಿಸುವುದು ಎತ್ತಿನಗಾಡಿಯನ್ನು ಅಡಿಗೆಮನೆ ಬಾಗಿಲಲ್ಲಿ ತೂರಿಸಿದ ಹಾಗೆ. ಕ್ಯಾಮೆರಾ, ಎಚ್‌ಡಿಎಂಐ, ಗಿಗಾಬಿಟ್ ಈಥರ್ನೆಟ್ ಬಂತು ಅಂದಾಗ ನಾಲ್ಕು ಲೇಯರ್, ಮತ್ತು ಹಾಳೆ ಯಾವುದು ಅನ್ನುವ ಮಾತು.

ಐದು ನಕ್ಷತ್ರಕ್ಕೆ ನಾಲ್ಕು ಕೊಡುತ್ತೇನೆ. ಕಡಿತ ಆ ಐದು ದಿನದ ಮೌನಕ್ಕೆ. ಒತ್ತಿನದು ಲೆಕ್ಕಕ್ಕೆ ಹಿಡಿದಿಲ್ಲ.

ಬೋರ್ಡು ಈಗ ತೋಟದ ಪಂಪ್‌ಹೌಸ್ ಗೋಡೆಯ ಮೇಲಿದೆ. ಎರಡೂ ಕ್ಯಾಮೆರಾ ಮೂರು ವಾರದಿಂದ ಒಂದು ಫ್ರೇಮೂ ಬಿಡದೆ ಓಡುತ್ತಿವೆ. ಮಂಗ ಬಂದ ಎರಡು ಸೆಕೆಂಡಿಗೆ ಕೆಳಗಿನ ಮೂಲೆಯಲ್ಲಿ ಹಾರ್ನ್ ಹೊಡೆಯುತ್ತದೆ. ಮೊದಲ ವಾರ ಹಿಂಡು ಚೆಲ್ಲಾಪಿಲ್ಲಿ. ಎರಡನೇ ವಾರ ಸ್ವಲ್ಪ ದೂರ ಹೋಗಿ ಕೂತು ನೋಡುತ್ತಿದ್ದವು. ನಿನ್ನೆ ಅಪ್ಪಯ್ಯ ಫೋನ್ ಮಾಡಿ, "ನಿನ್ನ ಪೀಪಿ ಡಬ್ಬದ ಮೇಲೇ ಕೂತ್ಕಂಡಿದೆ ಒಂದು ದಡಿಯ, ಚಿತ್ರ ಮಾತ್ರ ಚಂದ ಬರ್ತದೆ ನೋಡು" ಅಂದರು.